ಹೆಸರಿಲ್ಲದ ಮೇಣದಬತ್ತಿ

ಪಾರಿವಾಳಕ್ಕೊಂದು ಗೂಡು ಬೇಕೆಂದು ಹೋದವಳು ನಾನು. ಕಾಲುವೆಯ ದಂಡೆಯಲ್ಲಿ ಒಬ್ಬ ತರುಣ ಖರ್ಜೂರದ ಗರಿಯ ದಿಂಡನ್ನು ಕಾಲ್ಬೆರಳಲ್ಲಿ ಒತ್ತಿ ಹಿಡಿದು, ಕೊಡತಿಯಿಂದ ಉಳಿ ಬಡಿದು ತೂತು ಕೊರೆಯುತ್ತ ಕೂತಿದ್ದ. ಹೆಸರು ಕೇಳಿದೆ. ಖೇಶಾ ಎಂದ. ಖೇಶಾ ಎಂದರೆ ನಮ್ಮಲ್ಲಿ ಗೋಣಿತಟ್ಟು. ನನಗೆ ನಗು ತಡೆಯಲಾಗಲಿಲ್ಲ.

ಅವನು ಸಿಟ್ಟಾಗಲಿಲ್ಲ. ಕೊಡತಿ ಗಾಳಿಯಲ್ಲೇ ನಿಂತಿತು. ಒಮ್ಮೆ ನನ್ನ ಬೆನ್ನ ಹಿಂದಿನ ನೀರನ್ನು ನೋಡಿದ, ಆಮೇಲೆ ನನ್ನ ಬಾಯನ್ನೇ ನೋಡಿದ. ಅಷ್ಟು ಹೊತ್ತು ಯಾರೂ ನನ್ನನ್ನು ನೋಡಿರಲಿಲ್ಲ.

"ಇನ್ನೊಂದ್ಸಲ ನಗು," ಅಂದ.

"ಯಾಕೆ, ಒಂದ್ಸಲ ನಕ್ಕಿದ್ದು ಸಾಲ್ಲಿಲ್ವಾ?"

"ಸಾಲ್ತು. ಎಲ್ಲಿಂದ ಬಂತು ಅಂತ ನೋಡ್ಬೇಕಿತ್ತು."

ಆ ಗೂಡಿಗೆ ಬಾಗಿಲಿಡುವುದನ್ನೇ ಮರೆತಿದ್ದ. ಸರಿ ಮಾಡಿಸಲು ಮತ್ತೆ ಹೋದೆ. ಆಗ ಬಾಗಿಲಿತ್ತು, ಅಗುಳಿ ಇರಲಿಲ್ಲ. ಮೂರನೇ ಸಲ ಹೊರಟಾಗ ಅಪ್ಪ ನನ್ನ ಹಿಂದೆಯೇ ಬಂದು, ಈ ಗೂಡು ಮುಗಿಯಬೇಕಾದರೆ ನಿಕಾ ಆಗಬೇಕೇನೋ ಎಂದು ಗೊಣಗಿದರು. ಹಾಗೆಯೇ ಆಯಿತು.

ಆ ಹೆಸರಿನ ಕಥೆ ಅತ್ತೆ ಸತೂತಾ ಹೇಳಿದಳು. ಅವನಿಗಿಂತ ಮೊದಲು ಹುಟ್ಟಿದ ಐದು ಕೂಸುಗಳು ಮಣ್ಣಿಗೆ ಹೋಗಿದ್ದವು. ಆರನೆಯದನ್ನು ಗೋಣಿತಟ್ಟಿನಲ್ಲಿ ಸುತ್ತಿ, ಅದೇ ಹೆಸರಿಟ್ಟು, ಇದು ಯಾರಿಗೂ ಬೇಡದ ಕೂಸು ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದಳಂತೆ. ಅವಳು ಹೇಳುವಂತೆ, ಪ್ರತಿ ಹೆಣ್ಣಿಗೂ ನೆಲದಡಿಯಲ್ಲಿ ಒಬ್ಬ ತಂಗಿ ಇರುತ್ತಾಳೆ, ಪ್ರತಿ ಗಂಡಿಗೂ ಒಬ್ಬ ತಮ್ಮ. ಅದೇ ಮುಖ, ಅದೇ ದನಿ. ಬಾವಿ, ಕಾಲುವೆಗಳೇ ಅವರ ಕಿಟಕಿ. ಕೆಳಗಿನ ತಂಗಿಗೆ ಮಕ್ಕಳಿಲ್ಲ. ಮೇಲಿನವಳ ಮನೆಯಲ್ಲಿ ಒಂದು ಚೆಂದದ ಹೆಸರು ಕೇಳಿದರೆ ಆ ಕೂಸಿಗೆ ಅವಳು ಕೈ ಚಾಚುತ್ತಾಳೆ. ಗೋಣಿತಟ್ಟಿಗೆ ಯಾರು ಕೈ ಚಾಚುತ್ತಾರೆ?

ನಾನು ಚಿಕ್ಕವಳು, ಈ ಮಾತನ್ನು ಲೆಕ್ಕಕ್ಕಿಡಲಿಲ್ಲ. ಮೊದಲ ಮಗಳಿಗೆ ಕಮರ್ ಎಂದು ಹೆಸರಿಟ್ಟೆ, ಚಂದ್ರ. ಒಂದು ತಿಂಗಳಿದ್ದಳು. ಮಗನಿಗೆ ಯಹ್ಯಾ ಎಂದಿಟ್ಟೆ. ಯಹ್ಯಾ ಎಂದರೆ ಬದುಕುತ್ತಾನೆ ಎಂದು. ಒಂಬತ್ತು ದಿನ ಬದುಕಿದ.

ನಮ್ಮಲ್ಲಿ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಹೇಳುವುದಿಲ್ಲ. ಅವನಿಗೆ ನಾನು ಮಾವನ ಮಗಳು. ನನಗೆ ಅವನು ಕಮರ್‌ಳ ಅಪ್ಪ, ಆಮೇಲೆ ಯಹ್ಯಾನ ಅಪ್ಪ. ಎರಡೂ ಹೋದ ಮೇಲೆ ಅವನನ್ನು ಕರೆಯಲು ನನ್ನ ಬಾಯಲ್ಲಿ ಏನೂ ಉಳಿಯಲಿಲ್ಲ. ರೊಟ್ಟಿ ಆಯಿತೆಂದು ತಿಳಿಸಲು ತಟ್ಟೆ ಬಡಿಯುತ್ತಿದ್ದೆ.

ಮೂರನೆಯದೂ ಗಂಡೇ ಹುಟ್ಟಿತು. ಈ ಸಲ ನಾನೇ ಅತ್ತೆಯ ಕಾಲು ಹಿಡಿದೆ. ಶಹ್ಹಾತ್ ಎಂದಿಡೋಣ, ಭಿಕ್ಷುಕ ಎಂದಾಗುತ್ತದೆ, ಎಂದಳು ಅವಳು. ಅದೂ ಮೆತ್ತಗಾಯಿತು, ಬರ್ಗೂತ್ ಎಂದಿಡೋಣ, ಚಿಗಟ, ಎಂದೆ ನಾನು. ಅತ್ತೆ ಸೊಸೆ ಒಂದಾಗಿದ್ದು ಆ ಒಂದೇ ವಿಷಯಕ್ಕೆ. ಅವನು ಮಾತ್ರ ಒಪ್ಪಲಿಲ್ಲ.

"ಹೆಸರಿಗೆ ಅರ್ಥ ಇಲ್ಲ ಅಂದ್ರೆ ಚಿಗಟ ಅಂತ ಯಾಕಿಡ್ತೀರಿ? ಅರ್ಥ ಇದೆ ಅಂದ್ರೆ, ಅದನ್ನ ಸಾಯೋವರೆಗೂ ಹೊರೋನು ಯಾರು?"

ಬದುಕಿದರೆ ತಾನೇ ಹೊರುವುದು ಎಂದೆ. ಅವನು ಎದ್ದು ಹೋದ. ನಾವಿಬ್ಬರೂ ಮುಖ ತಿರುಗಿಸಿಕೊಂಡು ಮಲಗಿದ್ದು ಅದೇ ಮೊದಲು.

ಆರನೇ ದಿನ ಹೊತ್ತು ಮುಳುಗುವಾಗ ಮೇಣದಬತ್ತಿ ಹಚ್ಚುವುದು ನಮ್ಮ ಪದ್ಧತಿ. ತಟ್ಟೆಯಲ್ಲಿ ಗೋಧಿ, ಉಪ್ಪು ಹರಡಿ, ಒಂದೊಂದು ಬತ್ತಿಗೆ ಒಂದೊಂದು ಹೆಸರು ಹೇಳಿ ಹಚ್ಚುತ್ತಾರೆ. ಕೊನೆಯವರೆಗೆ ಉರಿದದ್ದೇ ಕೂಸಿನ ಹೆಸರು. ಗಂಡಸರಿಗೆ ಒಳಗೆ ಜಾಗವಿಲ್ಲ. ಸೂಲಗಿತ್ತಿ ಮಬ್ರೂಕಾ ಶಹ್ಹಾತ್ ಎಂದು ಒಂದು ಹಚ್ಚಿದಳು, ಬರ್ಗೂತ್ ಎಂದು ಒಂದು, ನನ್ನ ಅಪ್ಪನ ಮಾತಿಗೆ ಸನದ್, ಆಸರೆ, ಎಂದು ಒಂದು. ಮಾತಾಡುತ್ತ ಮಾತಾಡುತ್ತ, ಕಣ್ಣು ಮಂಜಾದ ಆ ಮುದುಕಿ ಕೈಲಿದ್ದ ನಾಲ್ಕನೆಯದನ್ನೂ ಹಚ್ಚಿಬಿಟ್ಟಳು. ಅದಕ್ಕೆ ಯಾರೂ ಹೆಸರು ಹೇಳಿರಲಿಲ್ಲ.

ಕಿಟಕಿ ಮುಚ್ಚಿತ್ತು. ಗಾಳಿ ಇರಲಿಲ್ಲ. ಮೊದಲ ಮೂರು ಬತ್ತಿ, ಇನ್ನೂ ಗೇಣುದ್ದ ಇರುವಾಗಲೇ, ಒಂದರ ಹಿಂದೆ ಒಂದು ಆರಿದವು. ನಾಲ್ಕನೆಯದು ನಿಂತಿತು. ಅದರ ಕುಡಿ ಕಾಲುವೆಯ ಕಡೆಯ ಗೋಡೆಗೆ ಬಾಗಿ ಉರಿಯುತ್ತಿತ್ತು, ಯಾರೋ ಉಸಿರು ಒಳಕ್ಕೆ ಎಳೆದುಕೊಳ್ಳುತ್ತಿರುವ ಹಾಗೆ.

ಶಾಸ್ತ್ರಕ್ಕೆಂದು ಒರಳು ಕುಟ್ಟುತ್ತಿದ್ದವಳ ಕೈ ನಿಂತಿತು. ಇದು ಕೆಳಗಿನವಳ ಬತ್ತಿ ಎಂದು ಯಾರೋ ಪಿಸುಗುಟ್ಟಿದರು. ಅತ್ತೆ ಅದನ್ನು ಹೊಸಕಲು ಬೆರಳು ಒದ್ದೆ ಮಾಡಿಕೊಂಡಳು, ಆದರೆ ಹತ್ತಿರ ಒಯ್ಯಲಿಲ್ಲ. ಅದು ಆರಿದರೆ ಇನ್ನೇನು ಆರುತ್ತದೋ.

ಆಗ ಅವನು ಒಳಗೆ ಬಂದ. ಹೆಂಗಸರು ಸೆರಗೆಳೆದುಕೊಂಡರು. ಅವನು ಯಾರನ್ನೂ ನೋಡದೆ ನನ್ನ ಪಕ್ಕ ನೆಲದ ಮೇಲೆ ಕೂತು, ತನ್ನ ಅವ್ವನ ಎದುರೇ ನನ್ನ ಕೈ ಹಿಡಿದುಕೊಂಡ.

"ಅವ್ವಾ, ನನ್ನ ಇನ್ನೊಂದು ಹೆಸರು ಅನೀಸ್ ಅಲ್ವಾ?"

ಸತೂತಾಳ ಬಾಯಿ ತೆರೆದೇ ಉಳಿಯಿತು. ಅವನು ಹುಟ್ಟಿದ ಗಳಿಗೆಯಲ್ಲಿ ಅವಳು ಒಂದೇ ಒಂದು ಸಲ ಕಿವಿಯಲ್ಲಿ ಉಸಿರಿದ್ದ ಹೆಸರದು. ತನ್ನ ಗಂಡನಿಗೂ ಹೇಳಿರಲಿಲ್ಲ. ಅನೀಸ್ ಎಂದರೆ ಜೊತೆಗಾರ.

ಹನ್ನೆರಡನೇ ವಯಸ್ಸಿನಿಂದ ಆ ಹೆಸರು ಕೇಳುತ್ತಿದೆ ಎಂದು ಹೇಳಿದ. ನಡುಮಧ್ಯಾಹ್ನ, ದಿಂಡು ನೆನೆಸಲು ನೀರಿಗಿಳಿದಾಗ, ಬೆನ್ನ ಹಿಂದಿನಿಂದ ಒಂದು ಹೆಣ್ಣುದನಿ. ಅವನು ಒಮ್ಮೆಯೂ ತಿರುಗಿರಲಿಲ್ಲ.

"ಬಚ್ಚಿಟ್ರೆ ಅವಳಿಗೆ ಗೊತ್ತಾಗಲ್ಲ ಅಂದ್ಕೊಂಡೆ ನೀನು, ಅವ್ವಾ. ಅವಳಿಗೆ ಗೊತ್ತಿರೋದು ಅದೊಂದೇ." ಆಮೇಲೆ ನನ್ನ ಕಡೆ ನೋಡಿದ. "ಆ ದನಿ ನಿಂದು, ಮಾವನ ಮಗಳೇ. ನೀನು ನಕ್ಕೆಯಲ್ಲ, ಅವತ್ತೇ ಗುರುತು ಹಿಡಿದೆ."

ನನ್ನ ಗಂಟಲನ್ನು ನಾನೇ ಮುಟ್ಟಿ ನೋಡಿಕೊಂಡೆ. ನನ್ನ ಕೆಳಗಿನ ತಂಗಿ ನನಗಿಂತ ಮೊದಲೇ ಇವನನ್ನು ಕಂಡಿದ್ದಳು.

"ಹೆದ್ರಿಕೆ ಆಗ್ಲಿಲ್ವಾ, ನನ್ನ ಮದ್ವೆ ಆಗೋಕೆ?"

"ಆಯ್ತು. ನೀರಲ್ಲಿರೋಳಿಗಿಂತ ಮನೇಲಿರೋಳು ವಾಸಿ ಅನ್ನಿಸ್ತು." ಅವನ ಮೀಸೆಯ ತುದಿ ಸ್ವಲ್ಪ ಅಲುಗಿತು. ಆಮೇಲೆ ಮೆಲ್ಲಗೆ ಅಂದ, "ಆ ಹೆಸರು ಮಗನಿಗಿಡು. ಇಷ್ಟು ದಿನ ಆ ಕಡೆಯೋರು ಮಾತ್ರ ಕರೆದ್ರು. ಈ ಕಡೆಯೋರೂ ಕರೀಲಿ."

ನಾನು ಕೂಸಿನ ಕಿವಿಯಲ್ಲಿ ಮೂರು ಸಲ ಹೇಳಿದೆ. ಬತ್ತಿಯ ಕುಡಿ ನೆಟ್ಟಗಾಯಿತು, ಬುಡದವರೆಗೆ ಉರಿಯಿತು.

ಎಂಟನೇ ದಿನ ಮಧ್ಯಾಹ್ನ ಅವನು ಸೊಂಟದವರೆಗಿನ ನೀರಿನಲ್ಲಿ ನಿಂತು ದಿಂಡಿನ ಕಟ್ಟು ಮುಳುಗಿಸುತ್ತಿದ್ದ. ನಾನು ಕೂಸನ್ನೆತ್ತಿಕೊಂಡು ಹೊಸ್ತಿಲ ಒಳಗಿದ್ದೆ. ಹೆತ್ತವಳು ನಲವತ್ತು ದಿನ ಅದನ್ನು ದಾಟುವಂತಿಲ್ಲ. ನಾಯಿಯೂ ಬೊಗಳದ ಹೊತ್ತು.

"ಅನೀಸ್."

ನಾನು ಬಾಯಿ ತೆರೆದಿರಲಿಲ್ಲ. ದನಿ ನನ್ನದೇ. ನೀರಿನಲ್ಲಿದ್ದವನ ಬೆನ್ನು ಸೆಟೆದುಕೊಂಡಿತು. ನನ್ನ ತೋಳಲ್ಲಿ, ಕತ್ತು ನಿಲ್ಲದ ಎಂಟು ದಿನದ ಕೂಸು, ತಲೆಯೆತ್ತಿ ಕಾಲುವೆಯ ಕಡೆ ತಿರುಗಿತು.

ಹೊಸ್ತಿಲು, ನಲವತ್ತು ದಿನ, ಯಾವುದೂ ನೆನಪಾಗಲಿಲ್ಲ. ದಂಡೆಗೆ ಓಡಿದೆ.

"ಅನೀಸನ ಅಪ್ಪಾ, ಮೇಲೆ ಬಾ."

ಅವನು ತಿರುಗಿದ. ಇಷ್ಟು ವರ್ಷ ಆ ನೀರಿನಲ್ಲಿ ತಿರುಗದವನು ನನ್ನ ಕಡೆ ತಿರುಗಿದ. ಅವನು ದಂಡೆ ಹತ್ತುವಾಗ ನಾನು ನೀರಿಗೆ ಬಗ್ಗಿ ಹೇಳಿದೆ. "ತಂಗೀ, ನಿಂಗೆ ಜೊತೆ ಬೇಕಂದ್ರೆ ನನ್ನ ಕರಿ. ನನ್ನ ಹೆಸರು ರತೀಬಾ. ಇವರಿಬ್ಬರ ತಂಟೆಗೆ ಬರಬೇಡ. ಇವನು ಬೆಳೀಲಿ, ಆಮೇಲೆ ಕರಿ."

ನೀರಿನ ಮೇಲೆ ಒಂದು ಸುತ್ತು ಅಗಲವಾಗಿ ಹರಡಿ ಮಾಯವಾಯಿತು. ಕೂಸಿನ ತಲೆ ನನ್ನ ಹೆಗಲಿಗೆ ಬಿತ್ತು. ನಾನೇನು ಕೊಟ್ಟೆ ಎಂದು ಅವನಿಗೆ ಕೇಳಿಸಿತ್ತು. ಒದ್ದೆ ಕೈಯಿಂದ ನನ್ನ ಪಾದದ ಕೆಸರು ಒರೆಸಿದ.

ಐವತ್ತು ವರ್ಷವಾಯಿತು. ಅನೀಸನ ಗಡ್ಡ ನೆರೆತಿದೆ. ಅವನ ಕಿರಿಯ ಸೊಸೆಗೆ ಈಗ ಏಳು ತಿಂಗಳು. ಅವಳು ಫೋನಿನಲ್ಲಿ ಹೆಸರು ಹುಡುಕುತ್ತ, ಅರ್ಥ ನೋಡಬೇಕಾ ಅಜ್ಜಿ ಎಂದು ಕೇಳಿದಳು. ನೋಡಬೇಕು ಎಂದೆ. ಆದರೆ ಹೆಸರೆಂದರೆ ಒಬ್ಬರು ಇನ್ನೊಬ್ಬರನ್ನು ಬೇಡುವುದು, ಬೇಡುವವರು ಯಾರು ಎಂದು ಮೊದಲು ನೋಡಿಕೋ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಕ್ಕಳು.

ಈ ಗೋಧಿ ಕೊಯ್ಲಿನಲ್ಲಿ, ಮಧ್ಯಾಹ್ನ ದಂಡೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ.

"ರತೀಬಾ."

ಊರಿಗೆಲ್ಲ ನಾನು ಅನೀಸನ ಅಮ್ಮ. ನನ್ನನ್ನು ಹೆಸರು ಹಿಡಿದು ಕರೆಯುವವರು ಉಳಿದಿಲ್ಲ. ಕರೆದದ್ದು ಹೆಣ್ಣುದನಿಯೂ ಅಲ್ಲ. ಗೂಡಿಗೆ ಬಾಗಿಲು ಮರೆತ ಆ ತರುಣನ ದನಿ, ಹಾಗೆಯೇ, ಒಂದು ಗೆರೆಯೂ ಬೀಳದೆ. ಅವನ ಕೆಳಗಿನ ತಮ್ಮನದು. ಸುಳ್ಳು ಹೇಳುವುದಿಲ್ಲ, ಹೋಗಬೇಕೆನ್ನಿಸಿತು. ಮಾತು ಕೊಟ್ಟವಳು ನಾನೇ. ಒಂದು ಕಾಲು ಕಣಕಾಲಿನವರೆಗೆ ನೀರಿನಲ್ಲಿತ್ತು.

"ರತೀಬಾ."

ಇದು ಮನೆಯ ಜಗುಲಿಯಿಂದ ಬಂತು. ಒಡೆದ, ಕೆಮ್ಮು ತುಂಬಿದ ದನಿ. ಮುದುಕ ಗೋಡೆ ಹಿಡಿದು ಎದ್ದು ನಿಂತಿದ್ದ. ಅನೀಸನ ಸೊಸೆಯಂದಿರ ಎದುರು, ಬೀದಿಗೆ ಕೇಳುವ ಹಾಗೆ, ಜನ್ಮದಲ್ಲಿ ಕರೆಯದವನು ಕರೆಯುತ್ತಿದ್ದ.

"ರತೀಬಾ, ರೊಟ್ಟಿ ಆರ್ತಿದೆ. ಬಾ, ರತೀಬಾ."

ಸೊಸೆಯಂದಿರು ಸೆರಗಿನ ತುದಿ ಬಾಯಿಗೆ ತುರುಕಿಕೊಂಡರು. ಈ ವಯಸ್ಸಿನಲ್ಲಿ ನನ್ನ ಕೆನ್ನೆ ಬಿಸಿಯಾಯಿತು. ಕಾಲು ನೀರಿನಿಂದ ತೆಗೆದು ಅವನ ಕಡೆ ತಿರುಗಿದೆ.

ಆ ದಿನದಿಂದ ಮಧ್ಯಾಹ್ನವಾದರೆ ಎರಡು ಕಡೆಯಿಂದಲೂ ನನ್ನ ಹೆಸರು ಕೇಳುತ್ತದೆ. ಅವನು ಮಾತ್ರ ಒಂದು ಸಲ ಹೆಚ್ಚು ಕರೆಯುತ್ತಾನೆ.