ನಲವತ್ತೇಳನೆಯ ಕಾರು

ಶನಿವಾರ ಬೆಳಿಗ್ಗೆ ಆರು ಗಂಟೆ ಐವತ್ತು ನಿಮಿಷಕ್ಕೆ ಹಳೇ ಕಾರುಗಳ ಮ್ಯೂಸಿಯಮ್ಮಿನ ಮ್ಯಾನೇಜರು ಠಾಣೆಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದರು. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ. ಮೇಜಿನ ಹಿಂದೆ ಕೂತಿದ್ದ ದಫೇದಾರರು ಪೆನ್ನಿನ ಮುಚ್ಚಳ ತೆಗೆದರು.

“ದೊಡ್ಡಮ್ಮ ಕಾಣ್ತಿಲ್ಲ!”

“ಮೊದಲು ಕೂತ್ಕೊಳ್ಳಿ. ವಯಸ್ಸೆಷ್ಟು?”

“ಎಂಬತ್ತೆಂಟು.”

“ಅಯ್ಯೋ ಪಾಪ. ಓಡಾಡ್ತಾರಾ?”

“ಎಲ್ಲಿಂದ? ಇಪ್ಪತ್ತೆರಡು ವರ್ಷದಿಂದ ನಿಂತಲ್ಲೇ ನಿಂತಿದ್ದಾಳೆ.”

ದಫೇದಾರರು ತಲೆಯೆತ್ತಿದರು. “ಮೈಬಣ್ಣ?”

“ಕಡುಗೆಂಪು. ಆರು ಸಿಲಿಂಡರು.”

ಬರೆದಿದ್ದನ್ನು ಹೊಡೆದುಹಾಕಿ ದಫೇದಾರರು ಹೊಸ ಹಾಳೆ ತೆಗೆದರು. ದೊಡ್ಡಮ್ಮ ಎಂದರೆ ಮ್ಯೂಸಿಯಮ್ಮಿನ ಹಾಲಿನ ನಟ್ಟನಡುವೆ ನಿಂತಿದ್ದ ಉದ್ದ ಮೂತಿಯ ಕಾರು. ಕೆಲಸದವರು ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಇವತ್ತು, ನಾಳೆ ಅಲ್ಲಿ ದೊಡ್ಡ ಪ್ರದರ್ಶನ. ದೂರದೂರದಿಂದ ಹಳೇ ಕಾರುಗಳು ಬಂದು ಗೇಟಿನೊಳಗಿನ ಮೈದಾನದಲ್ಲಿ ಬೀಡು ಬಿಟ್ಟಿದ್ದವು. ಹತ್ತೂವರೆಗೆ ಮೆರವಣಿಗೆ.

“ನಾಳೆ ಸಂಜೆ ಐದಕ್ಕೆ ಹೋಟೆಲಿನವರ ಲಾರಿ ಬರುತ್ತೆ,” ಎಂದರು ಮ್ಯಾನೇಜರು. “ದೊಡ್ಡಮ್ಮನ್ನ ಅವರಿಗೆ ಮಾರಿಯಾಗಿದೆ. ಅಷ್ಟರೊಳಗೆ ಸಿಗದಿದ್ರೆ ನನ್ನ ಕತೆ ಮುಗೀತು.”

“ಹೋಟೆಲಿನವರಿಗೆ ಯಾಕೆ?”

“ಎಂಜಿನ್ ಕಿತ್ತು, ಮೈಯನ್ನ ಅರ್ಧಕ್ಕೆ ಕೊಯ್ದು, ಬಂದವರ ಹೆಸರು ಬರ್ಕೊಳ್ಳೋ ಕೌಂಟರ್ ಮಾಡ್ತಾರಂತೆ. ಹೇಗೂ ಸತ್ತ ಎಂಜಿನ್ನು.”

ಏಳು ಗಂಟೆ ಹತ್ತು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಏಳೂವರೆಗೆಲ್ಲ ಇನ್‌ಸ್ಪೆಕ್ಟರ್ ಮೇಡಂ ಮ್ಯೂಸಿಯಮ್ಮಿನ ಹಾಲಿನಲ್ಲಿದ್ದರು. ಆ ಠಾಣೆಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ನಡೆದರೆ ಹಿಂದಿನವರು ಓಡಬೇಕು, ಅಂಥ ಹೆಜ್ಜೆ. ದಫೇದಾರರಿಗೆ ನಿವೃತ್ತಿಗೆ ಎಂಟು ತಿಂಗಳು ಬಾಕಿ. ಮೊಣಕಾಲಿನ ಸದ್ದು ಅವರಿಗಿಂತ ಮೊದಲೇ ಬರುತ್ತಿತ್ತು.

ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಹಾಲಿನಲ್ಲಿ ಹದಿಮೂರು ಕಾರು, ನಡುವೆ ಒಂದು ಖಾಲಿ ಜಾಗ. ಅಲ್ಲಿ ದೊಡ್ಡ ಬಟ್ಟೆ ಹೊದಿಕೆ ಬಿದ್ದಿತ್ತು. ಹೊದಿಕೆಯ ಅಡಿಯಲ್ಲಿ ನಾಲ್ಕು ಬೆಂಚು, ಒಂದು ಡ್ರಮ್ಮು, ಎರಡು ಬಕೆಟ್ಟು. ದೂರದಿಂದ ನೋಡಿದವರಿಗೆ ಕಾರೇ ಮಲಗಿದೆ ಅನ್ನಿಸುವಂತೆ ಜೋಡಿಸಿದ್ದರು. ಬೆಳಿಗ್ಗೆ ಹೊದಿಕೆ ಎಳೆದ ಮ್ಯಾನೇಜರು ಬೆಂಚನ್ನು ಕಂಡು ಕಿರುಚಿದ್ದಂತೆ.

“ಕಳ್ಳನಿಗೆ ಕೈಚಳಕ ಇದೆ,” ಎಂದರು ಇನ್‌ಸ್ಪೆಕ್ಟರು. “ಓಡದ ಕಾರು ಅಂದ್ಮೇಲೆ ಕ್ರೇನ್ ಬಂದಿರಬೇಕು, ಲಾರಿ ಬಂದಿರಬೇಕು. ನಾಕಾಬಂದಿ ಹಾಕ್ಸಿ. ಏನ್ರೀ ದಫೇದಾರ್ರೇ, ನೆಲ ಮೂಸ್ತಾ ಇದ್ದೀರಿ?”

ದಫೇದಾರರು ಕುಕ್ಕುರುಗಾಲಲ್ಲಿ ಕೂತು ಬೆರಳಿನ ತುದಿ ನೋಡುತ್ತಿದ್ದರು. ಕಾರಿನ ಹಿಂದಿನ ಎಡ ಚಕ್ರ ನಿಲ್ಲುತ್ತಿದ್ದ ಜಾಗದಿಂದ ಎರಡು ಗೇಣು ಒಳಗೆ ಅಂಗೈಯಗಲದ ಎಣ್ಣೆ ಕಲೆ. ಕಲೆ ಹಳೆಯದು, ಕಪ್ಪಗೆ ಕಲ್ಲಿಗೆ ಇಳಿದಿತ್ತು. ಅದರ ಮೇಲೆ ಮೂರು ಹನಿ ಮಾತ್ರ ಜೇನಿನ ಬಣ್ಣ.

“ಎಣ್ಣೆ ಹೊಸದು ಮೇಡಂ.”

“ಅಂದ್ರೆ?”

“ಹನ್ನೊಂದು ವರ್ಷ ಠಾಣೆ ಜೀಪು ಓಡಿಸಿದೀನಿ. ನಿಂತ ಗಾಡಿ ವರ್ಷದೊಳಗೆ ಒಣಗುತ್ತೆ, ಹನಿ ಹಾಕಲ್ಲ. ಹನಿ ಹಾಕ್ತಿದೆ ಅಂದ್ರೆ ಯಾರೋ ಹೊಸ ಎಣ್ಣೆ ಕುಡಿಸಿದಾರೆ. ಕ್ರೇನಲ್ಲಿ ಎತ್ತೋ ಗಾಡಿಗೆ ಎಣ್ಣೆ ಯಾಕೆ?”

ಇನ್‌ಸ್ಪೆಕ್ಟರು ಬಗ್ಗಿ ಹನಿ ನೋಡಿದರು. “ಓಡಿಸ್ಕೊಂಡು ಹೋಗಿದಾರೆ ಅಂತೀರಾ?”

“ದೊಡ್ಡಮ್ಮ ಓಡೋದಾ?” ಮ್ಯಾನೇಜರು ನಕ್ಕರು. “ನಾನು ಬರೆದೇ ಕೊಟ್ಟಿದೀನಿ ಹೋಟೆಲಿನವರಿಗೆ, ಎಂಜಿನ್ ಸತ್ತಿದೆ ಅಂತ.”

ಎಂಟು ಗಂಟೆಗೆ ವಿಚಾರಣೆ. ಹಾಲಿನ ಬೀಗದ ಕೈ ಇದ್ದದ್ದು ಮೂವರ ಬಳಿ: ಮ್ಯಾನೇಜರು, ಕಾವಲುಗಾರ, ಕಾರು ಒರೆಸುವ ಅಕ್ಕ. ಕಾವಲುಗಾರ ಕೇಳುವ ಮೊದಲೇ ತನ್ನ ಮೂವರು ಮಕ್ಕಳ ಮೇಲೆ ಆಣೆ ಹಾಕಿದ. ಗೇಟಿನ ರಿಜಿಸ್ಟರು ತೋರಿಸಿದ. ಶುಕ್ರವಾರ ಮಧ್ಯಾಹ್ನದಿಂದ ರಾತ್ರಿವರೆಗೆ ಒಳಬಂದ ಅತಿಥಿ ಕಾರು ನಲವತ್ತಾರು. ಹೊರಹೋದದ್ದು ಸೊನ್ನೆ. ಇರುವುದು ಒಂದೇ ಗೇಟು.

ಒರೆಸುವ ಅಕ್ಕನಿಗೆ ಐವತ್ತರ ಮೇಲೆ. ಹೆಗಲ ಮೇಲೊಂದು ಹಳದಿ ಬಟ್ಟೆ. ಕೂರಲು ಹೇಳಿದರೂ ಕೂರಲಿಲ್ಲ.

“ಎಷ್ಟು ವರ್ಷದ ಕೆಲಸ?”

“ಇಪ್ಪತ್ತೈದು.”

“ನಿನ್ನೆ ಇಡೀ ದಿನ ಹಾಲಿಗೆ ಯಾರನ್ನೂ ಬಿಟ್ಟಿಲ್ಲವಂತೆ, ಯಾಕೆ?”

“ನೆಲ ಪಾಲಿಶ್ ಇತ್ತು. ನಾನೇ ಮಾಡಿದ್ದು.”

“ಕಾರನ್ನ ಯಾರು ಒಯ್ದಿರಬಹುದು?”

“ಓಡಿಸೋಕೆ ಬರೋರು, ಮೇಡಂ.”

“ಅದು ಓಡಲ್ಲ ಅಂತಾರಲ್ಲ ನಿಮ್ಮ ಮ್ಯಾನೇಜರು?”

“ಅವರು ದೊಡ್ಡವರು. ಹೇಳ್ತಾರೆ.”

“ಹೋಗಮ್ಮ, ಅತಿಥಿಗಳ ಕಾರಿನ ಗಾಜು ಒರೆಸು,” ಎಂದು ಮ್ಯಾನೇಜರು ಕೈಬೀಸಿದರು. ಅಕ್ಕ ಹೋದಳು. ಅವಳ ಬೆರಳ ಉಗುರಿನ ಸುತ್ತ ಬೆಳ್ಳಗೇನೋ ಮೆತ್ತಿದ್ದನ್ನು ದಫೇದಾರರು ಕಂಡರು. ಪಾಲಿಶ್ ಪುಡಿ ಇರಬೇಕು ಅಂದುಕೊಂಡು ಬಿಟ್ಟರು.

ಒಂಬತ್ತೂವರೆಗೆ ನಾಕಾಬಂದಿಯಿಂದ ಸುದ್ದಿ ಬಂತು. ಯಾವ ದಾರಿಯಲ್ಲೂ ಕಡುಗೆಂಪು ಕಾರಿಲ್ಲ. ಕ್ರೇನಿನವರನ್ನೆಲ್ಲ ಕೇಳಿ ಆಯಿತು, ಅಲ್ಲೂ ಏನಿಲ್ಲ. ಹೊರಗೆ ಬ್ಯಾಂಡು ಬಾರಿಸತೊಡಗಿತ್ತು. ರಸ್ತೆಯ ಎರಡೂ ಬದಿ ಜನ, ಮಹಡಿಗಳ ಮೇಲೆ ಜನ, ಹೆಗಲ ಮೇಲೆ ಮಕ್ಕಳು.

“ಗೇಟಿಂದ ಹೋಗಿಲ್ಲ, ಗೋಡೆ ಹಾರಿಲ್ಲ,” ಇನ್‌ಸ್ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು. “ಕಾರು ಆವಿ ಆಯ್ತಾ?”

“ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಡಂಗುರ ಹೊಡೆಸ್ತಿದೀವೇನೋ ಮೇಡಂ.”

“ಬಿಡಿಸಿ ಹೇಳ್ರಿ.”

“ಹಳೇ ಕಾರನ್ನ ಬಚ್ಚಿಡೋಕೆ ಹಳೇ ಕಾರಿನ ಸಂತೆಗಿಂತ ಒಳ್ಳೇ ಜಾಗ ಎಲ್ಲಿದೆ?”

ಇಬ್ಬರೂ ಮೈದಾನಕ್ಕೆ ಓಡಿದರು. ದಫೇದಾರರು ಓಡಿದ್ದು ಬಹಳ ವರ್ಷಗಳ ಮೇಲೆ. ಇವರು ಈ ಕಡೆಯಿಂದ, ಅವರು ಆ ಕಡೆಯಿಂದ ಎಣಿಸಿದರು. ಎರಡು ಲೆಕ್ಕವೂ ಒಂದೇ ಆಯಿತು: ನಲವತ್ತೇಳು.

ಹತ್ತು ಗಂಟೆ ಎಂಟು ನಿಮಿಷ. ಮೆರವಣಿಗೆ ಗೇಟು ದಾಟಿದರೆ ಮುಗಿಯಿತು. ಊರಾಚೆಯ ಬಯಲು ತಲುಪಿ ಕಾರುಗಳು ಚೆದುರಿದರೆ, ಒಂದು ಯಾವ ದಾರಿ ಹಿಡಿಯಿತೆಂದು ದೇವರೇ ಹೇಳಬೇಕು.

“ಎಲ್ಲರ ಕಾಗದ ನೋಡೋಣ,” ಎಂದರು ಇನ್‌ಸ್ಪೆಕ್ಟರು.

“ಇಪ್ಪತ್ತು ನಿಮಿಷದಲ್ಲಿ ನಲವತ್ತೇಳು ಕಾಗದವಾ? ಅವರು ಟೋಪಿ ಸರಿಮಾಡ್ಕೊಂಡು ಫೋಟೋಕ್ಕೆ ನಿಂತಿದಾರೆ ಮೇಡಂ. ಕಾಗದ ಹುಡುಕೋಕೇ ಸಾಯಂಕಾಲ ಆಗುತ್ತೆ.”

ದಫೇದಾರರು ಕಾರುಗಳ ಬಣ್ಣ ನೋಡುವುದನ್ನು ಬಿಟ್ಟು ಬಗ್ಗಿ ನೆಲ ನೋಡತೊಡಗಿದರು. ಮುದಿ ಕಾರುಗಳೆಲ್ಲ ಎಣ್ಣೆ ಸೋರುತ್ತವೆ. ಹೊಸ ಕಲ್ಲುಹಾಸು ಕೆಡಬಾರದೆಂದು ಪ್ರತಿಯೊಂದರ ಅಡಿಯಲ್ಲೂ ತಗಡಿನ ತಟ್ಟೆ ಇಡಿಸಿದ್ದರು. ಹಸಿರು ಕಾರು, ತಟ್ಟೆ ಮುಂದೆ, ಎಂಜಿನ್ ಕೆಳಗೆ. ನೀಲಿ ಕಾರು, ಮುಂದೆ. ಎರಡೇ ಸೀಟಿನ ಕರಿ ಕಾರು, ಮುಂದೆ. ಒಬ್ಬ ಮಾಲೀಕ ಕೇಳಿದ: “ಏನು ಕಳ್ಕೊಂಡ್ರಿ ಯಜಮಾನ್ರೇ?” “ಯೌವನ,” ಎಂದು ದಫೇದಾರರು ಮುಂದಕ್ಕೆ ಸರಿದರು.

ಮೂರನೇ ಸಾಲಿನ ಕೊನೆಗೆ ಸುಣ್ಣದಂಥ ಬಿಳಿಯ ಉದ್ದ ಮೂತಿಯ ಕಾರು. ಮುಂದೆ ತಟ್ಟೆ ಇಲ್ಲ. ದಫೇದಾರರು ಹಿಂದಕ್ಕೆ ಹೋಗಿ ಮೊಣಕಾಲೂರಿದರು. ಎಡ ಚಕ್ರದಿಂದ ಎರಡು ಗೇಣು ಒಳಗೆ, ಅಳೆದಿಟ್ಟಂತೆ ಒಂದು ತಟ್ಟೆ. ತಟ್ಟೆಯಲ್ಲಿ ಜೇನಿನ ಬಣ್ಣದ ಹನಿ. ಅದರ ಕೆಳಗೆ ಮಡಿಸಿ ಹಾಸಿದ ಹಳದಿ ಬಟ್ಟೆ, ಸಿಡಿದ ಹನಿಯೂ ಕಲ್ಲಿಗೆ ತಾಗಬಾರದೆಂದು.

ಬಣ್ಣ ಬದಲಿಸಿ, ನಂಬರು ಬದಲಿಸಿ, ಬೆಂಚು ಜೋಡಿಸಿ ಇಷ್ಟೆಲ್ಲ ಮಾಡಿದ ಕಳ್ಳನಿಗೆ ನೆಲದ ಮೇಲೆ ಒಂದು ಹನಿ ಬೀಳುವುದನ್ನು ಮಾತ್ರ ಸಹಿಸಲಾಗಿರಲಿಲ್ಲ. ಅಂಥ ಕಳ್ಳ ಯಾರೆಂದು ದಫೇದಾರರಿಗೆ ಇನ್ನು ಯೋಚಿಸಬೇಕಾಗಿರಲಿಲ್ಲ. ಬಾಗಿಲಿನ ಅಂಚನ್ನು ಉಗುರಿನಿಂದ ಗೀರಿದರು. ಬಿಳಿ ಪುಡಿ ಉದುರಿ ಕಡುಗೆಂಪು ಇಣುಕಿತು.

ಅಷ್ಟರಲ್ಲಿ ಶಿಳ್ಳೆ ಊದಿದರು. ನಲವತ್ತಾರು ಎಂಜಿನ್ ಒಂದಾದ ಮೇಲೊಂದು ಕೆಮ್ಮಿ, ಗುಡುಗಿ, ಎದ್ದವು. ಹೊಗೆಯ ನಡುವಿನಿಂದ ಉದ್ದ ಕೋಟು, ಕಿವಿ ಮುಚ್ಚುವ ಟೋಪಿ, ದಪ್ಪ ಕನ್ನಡಕದ ಒಬ್ಬರು ಬಂದು ಬಿಳಿ ಕಾರಿನ ಮೂತಿಗೆ ಹ್ಯಾಂಡಲ್ ಸಿಕ್ಕಿಸಿ ಒಂದೇ ಒಂದು ಸುತ್ತು ತಿರುಗಿಸಿದರು. ಕಾರು ಬೆಕ್ಕಿನಂತೆ ಗುರುಗುಟ್ಟಿತು. ಕೋಟಿನವರು ತಟ್ಟೆಯನ್ನೂ ಹಳದಿ ಬಟ್ಟೆಯನ್ನೂ ಎತ್ತಿ ಹಿಂದಿನ ಸೀಟಿಗಿಟ್ಟು, ಹತ್ತಿ ಕೂತು ನೋಡಿದರೆ ಪಕ್ಕದಲ್ಲಿ ದಫೇದಾರರು.

“ಅಕ್ಕಾ, ಇಳಿ.”

ಒರೆಸುವ ಅಕ್ಕ ಮುಂದೆಯೇ ನೋಡುತ್ತಿದ್ದಳು. “ಹಿಂದೆ ನೋಡಿ ಸಾಹೇಬ್ರೇ. ಹದಿನಾರು ಕಾರಿದೆ. ನಾನು ಇಳಿದ್ರೆ ಅವು ಹಾರಿ ಹೋಗ್ಬೇಕು.”

ದಫೇದಾರರು ವಾಕಿಟಾಕಿ ಒತ್ತಿದರು. “ಮೇಡಂ, ಕಾರು ಸಿಕ್ತು. ಒರೆಸೋ ಅಕ್ಕ ಓಡಿಸ್ತಿದಾಳೆ. ನಾನು ಒಳಗಿದೀನಿ.”

“ಏನು? ನಿಲ್ಸಿ!”

“ಹಗ್ಗದಾಚೆ ಮಕ್ಕಳಿದಾವೆ ಮೇಡಂ. ನಡುವೆ ನಿಂತ್ರೆ ಹಿಂದಿನವು ಎಲ್ಲಿಗೆ ನುಗ್ತಾವೋ.”

ಒಂದು ಕ್ಷಣ ಗೊರಗೊರ ಸದ್ದು. “ಸರಿ. ಇಳೀಬೇಡಿ. ಕೊನೆಗೆ ಬಯಲಲ್ಲಿ ನಾನಿರ್ತೀನಿ. ಅಡ್ಡದಾರಿ ಹಿಡಿದ್ರೆ ಸ್ಟಿಯರಿಂಗ್ ಕಿತ್ಕೊಳ್ಳಿ.”

ಸರಿಯಾಗಿ ಹತ್ತೂವರೆಗೆ ಗೇಟು ತೆರೆಯಿತು. ಹೋ ಎಂದು ಎದ್ದ ಕೂಗಿಗೆ ದಫೇದಾರರ ರೋಮ ನೆಟ್ಟಗಾಯಿತು. ಮಹಡಿಗಳಿಂದ ಬಣ್ಣದ ಕಾಗದ ಸುರಿಯಿತು. ಕಾರಿನವರು ಹಾರನ್ ಒತ್ತಿದರೆ ಜನ ಬಾಯಲ್ಲೇ ಹಾರನ್ ಒತ್ತಿ ಉತ್ತರ ಕೊಟ್ಟರು. ಯಾರೋ “ಪೊಲೀಸ್ ಮಾವಾ!” ಎಂದು ಕೂಗಿದರು. ಕರ್ತವ್ಯದ ಮೇಲಿದ್ದ ದಫೇದಾರರ ಕೈ ಅದರ ಪಾಡಿಗೆ ಎದ್ದು ಟಾಟಾ ಮಾಡಿತು.

“ಯಾರು ರಿಪೇರಿ ಮಾಡಿದ್ದು?” ಗದ್ದಲದ ನಡುವೆಯೇ ಅವರು ವಿಚಾರಣೆ ಶುರುಮಾಡಿದರು.

“ನಾನೇ. ದಿನಾ ಮಧ್ಯಾಹ್ನ ಒಂದರಿಂದ ಎರಡು. ಆರು ವರ್ಷ.”

“ಕಲಿಸಿದ್ದು?”

“ಮೊದಲು ಒಬ್ಬರು ಹಳೇ ಮೆಕ್ಯಾನಿಕ್ಕು ಬರ್ತಿದ್ರು. ನಾನು ಟಾರ್ಚ್ ಹಿಡೀತಿದ್ದೆ. ಯಾವ ಬೋಲ್ಟು ಬಿಚ್ಚಿದ ಮೇಲೆ ಯಾವುದು ಅಂತ ಕಣ್ಣಲ್ಲೇ ಇದೆ. ಅವರು ತೀರ್ಕೊಂಡ ಮೇಲೆ ಕೇಳೋರೇ ಇರ್ಲಿಲ್ಲ.”

“ಸದ್ದು ಯಾರಿಗೂ ಕೇಳ್ಲಿಲ್ವಾ?”

“ಪಾಲಿಶ್ ಮಿಶನ್ನು ಅದಕ್ಕಿಂತ ಜೋರು ಸಾಹೇಬ್ರೇ.”

“ಹಾಲಿಂದ ಆಚೆ ತಂದಿದ್ದು?”

“ಪಾಲಿಶ್ ಅಂತ ಹಾಲಿನ ಬಾಗಿಲು ಹಾಕ್ಕೊಂಡು ಬಿಳಿ ಬಳಿದೆ. ನಿನ್ನೆ ಸಂಜೆ ಕಾರುಗಳು ನುಗ್ತಿದ್ದಾಗ ತಂದೆ. ಇದೇ ಕೋಟು ಹಾಕಿದ್ದೆ. ಕಾವಲುಗಾರ ಯಾರೋ ಅತಿಥಿ ದಾರಿ ತಪ್ಪಿ ಒಳಗೆ ಬಂದಿದಾನೆ ಅಂತ ಅರ್ಧ ತೆರೆದಿದ್ದ ಶಟರನ್ನ ಪೂರ್ತಿ ಎತ್ತಿ ಸಲ್ಯೂಟ್ ಹೊಡೆದ. ಇಪ್ಪತ್ತೈದು ವರ್ಷದಲ್ಲಿ ಮೊದಲ ಸಲ.”

ಮೆರವಣಿಗೆ ಸೇತುವೆಯ ಏರಿಗೆ ಬಂತು. ಏರು ಕಡಿದಾಗಿತ್ತು. ಮುಂದಿನ ನೀಲಿ ಕಾರು ಅರ್ಧಕ್ಕೆ ಬುಸ್ಸೆಂದು ಹೊಗೆಯುಗುಳಿ ಬದಿಗೆ ಸರಿಯಿತು. ಇನ್ನೊಂದನ್ನು ಜನ ತಳ್ಳುತ್ತಿದ್ದರು. ಅಕ್ಕ ಹಲ್ಲು ಕಚ್ಚಿ ಗೇರು ಇಳಿಸಿದಳು. ಕಾರು ನಡುಗಿತು, ನಿಂತೇ ಹೋಯಿತು ಅನ್ನಿಸಿತು.

“ಹತ್ತು ತಾಯೀ, ಹತ್ತು!” ಎಂದು ಕಿರುಚಿದವರು ಯಾರೆಂದರೆ ದಫೇದಾರರೇ. ಸೀಟಿನ ತುದಿಗೆ ಬಂದು ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ತಳ್ಳುತ್ತಿದ್ದರು. ದೊಡ್ಡಮ್ಮ ಆರು ಸಿಲಿಂಡರಿನ ಉಸಿರನ್ನೂ ಒಟ್ಟಿಗೆ ಎಳೆದುಕೊಂಡು ಏರಿನ ನೆತ್ತಿ ತಲುಪಿದಳು. ಸೇತುವೆಯ ಮೇಲಿದ್ದ ಜನ ಕುಣಿದಾಡಿದರು. ಅಕ್ಕನ ಕನ್ನಡಕದ ಅಡಿಯಿಂದ ನೀರು ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ, ಎರಡೂ ಕೈ ಸ್ಟಿಯರಿಂಗ್ ಮೇಲಿತ್ತು.

“ಬಯಲು ಮುಟ್ಟಿದ ಮೇಲೆ ಓಡಿಹೋಗೋ ಯೋಚನೆ ಇತ್ತಾ?”

“ಎಲ್ಲಿಗೆ? ಇವಳಿಗೆ ಹೊದಿಕೆ ಹಾಕೋರು ಯಾರು?”

ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬಯಲಿನಲ್ಲಿ ಕಾರು ನಿಂತಿತು. ಅಕ್ಕ ಎಂಜಿನ್ ಆರಿಸಿ, ಬ್ರೇಕು ಎಳೆದು, ತಟ್ಟೆಯನ್ನು ಜಾಗಕ್ಕಿಟ್ಟ ಮೇಲೆಯೇ ಇನ್‌ಸ್ಪೆಕ್ಟರ ಮುಂದೆ ಬಂದು ನಿಂತಳು.

“ಲೈಸೆನ್ಸ್ ಇದೆಯಾ?”

“ಇದೆ ಮೇಡಂ. ಹೋದ ವರ್ಷ ತಗೊಂಡೆ. ತಮ್ಮನ ಟೆಂಪೋದಲ್ಲಿ ಕಲಿತೆ.”

“ಅದೊಂದು ಕೇಸು ಕಡಿಮೆಯಾಯ್ತು. ಕಾರು ಕಳವಿಗೆ ನಿಮ್ಮನ್ನ ಬಂಧಿಸ್ತಿದೀನಿ. ಗೊತ್ತಾಯ್ತಾ?”

“ಗೊತ್ತಾಯ್ತು.”

ಮ್ಯಾನೇಜರು ಏದುಸಿರು ಬಿಡುತ್ತ ಬಂದರು. ಇನ್ನೂ ಬಿಸಿಯಾಗಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟು ತಟ್ಟನೆ ತೆಗೆದರು. “ನೀನಾ? ನನಗೊಂದು ಮಾತು ಹೇಳಬಾರದಿತ್ತಾ?”

“ಒಂದು ವರ್ಷದಿಂದ ಹೇಳಿದೆ ಸಾರ್. ಎಂಜಿನ್ ಸತ್ತಿಲ್ಲ ಅಂತ. ಒರೆಸೋಳಿಗೆ ಎಂಜಿನ್ ಏನು ಗೊತ್ತು ಅಂದ್ರಿ. ಮಾರೋಕೆ ಮುಂಚೆ ಒಂದ್ಸಲ ನೋಡಿ ಅಂದೆ. ಬಕೆಟ್ ಎತ್ಕೊಂಡು ಹೋಗು ಅಂದ್ರಿ. ಅದಕ್ಕೇ ಊರೇ ನೋಡ್ಲಿ ಅಂತ ಓಡಿಸ್ದೆ.”

ಮ್ಯಾನೇಜರು ಕೆಮ್ಮಿ ಇನ್‌ಸ್ಪೆಕ್ಟರ ಕಡೆ ತಿರುಗಿದರು. “ಹೋಗಲಿ, ಕಾರು ಸಿಕ್ತಲ್ಲ. ನಾಳೆ ಐದಕ್ಕೆ ಲಾರಿ...”

“ಯಾವ ಲಾರಿ?” ಎಂದರು ಇನ್‌ಸ್ಪೆಕ್ಟರು. “ಇದು ಈಗ ಕೇಸಿನ ಮುದ್ದೆಮಾಲು. ಕೇಸು ಮುಗಿಯೋವರೆಗೆ ಕೋರ್ಟಿನ ಅಪ್ಪಣೆ ಇಲ್ಲದೆ ಒಂದು ಬೋಲ್ಟೂ ಬಿಚ್ಚೋಹಾಗಿಲ್ಲ. ಗರಗಸ ಅಂತೂ ಹತ್ತಿರ ಬರಬಾರದು.”

“ಕೇಸು ಎಷ್ಟು ದಿನ ನಡೆಯುತ್ತೆ?”

ದಫೇದಾರರು ಆಕಾಶ ನೋಡಿದರು. “ದಿನದ ಲೆಕ್ಕ ಯಾಕೆ ಸಾರ್, ವರ್ಷದಲ್ಲಿ ಕೇಳಿ.”

ಅಕ್ಕ ಇದನ್ನು ಯೋಚಿಸಿಯೇ ಇರಲಿಲ್ಲ ಎಂಬುದು ಅವಳ ಮುಖದಲ್ಲೇ ಕಾಣುತ್ತಿತ್ತು. ಒಮ್ಮೆ ಕಾರನ್ನು, ಒಮ್ಮೆ ಇನ್‌ಸ್ಪೆಕ್ಟರನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದಳು.

ಪಂಚರನ್ನು ಕರೆಸಿ, ಅವರೆದುರು ಹ್ಯಾಂಡಲನ್ನು ಇನ್ನೊಮ್ಮೆ ತಿರುಗಿಸಿ ತೋರಿಸಿ, ಜಪ್ತಿ ಪಂಚನಾಮೆಯನ್ನು ದಫೇದಾರರು ಅಲ್ಲೇ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಬರೆದರು. ಎಂಜಿನ್ ಚಾಲೂ ಸ್ಥಿತಿಯಲ್ಲಿದೆ, ಪಂಚರ ಸಮಕ್ಷಮ ಹ್ಯಾಂಡಲಿನ ಒಂದೇ ಸುತ್ತಿಗೆ ಶುರುವಾಯಿತು, ಎಂದೂ ಸೇರಿಸಿದರು. ದೂರುದಾರರಾಗಿ ಮ್ಯಾನೇಜರು ಅದರ ಕೆಳಗೆ ಸಹಿ ಹಾಕಬೇಕಾಯಿತು. ಅಕ್ಕ ಆ ಸಾಲನ್ನು ಎರಡು ಸಲ ಓದಿಸಿ ಕೇಳಿ, ಜೀಪಿನ ಕಡೆಗೆ ತಾನೇ ಮುಂದಾಗಿ ನಡೆದಳು.

ಅಪರಾಹ್ನ ಎರಡು ಗಂಟೆಗೆ ಠಾಣೆಯಲ್ಲಿ ಕೇಸ್ ಡೈರಿ ಬರೆಯಲು ಕೂತ ದಫೇದಾರರು ‘ಕೃತ್ಯಕ್ಕೆ ಕಾರಣ’ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದರು. ಮೂವತ್ತೈದು ವರ್ಷದಲ್ಲಿ ಅಲ್ಲಿ ದುರಾಸೆ ಎಂದು ಬರೆದಿದ್ದರು, ದ್ವೇಷ ಎಂದು ಬರೆದಿದ್ದರು, ಕುಡಿತ ಎಂದು ಬರೆದಿದ್ದರು. ಈ ಸಲ ನಿಧಾನವಾಗಿ ಬರೆದರು: ‘ಆರೋಪಿ ನಿಜ ಹೇಳುತ್ತಿದ್ದರು. ಕೇಳಿದವರಿಲ್ಲ.’