ಹಾಲಿನ ಜೀಪು ನಿಂತ ಮೇಲೆ

"ಅಷ್ಟು ಜೋರು ಹಾಕಬೇಡಿ, ಬೋಲ್ಟ್ ಮುರಿಯತ್ತೆ."

"ಮುರಿದರೆ ಮುರೀಲಿ. ನಾಳೆ ಬೆಳಿಗ್ಗೆ ನಂಗೆ ಗಾಡಿ ಬೇಕು."

ಗ್ಯಾರೇಜಿನ ಬಾಗಿಲಲ್ಲೇ ಜೀಪಿನ ಕೆಳಗೆ ತೂರಿ, ತನ್ನದೇ ಸ್ಪ್ಯಾನರ್ ಹಿಡಿದು ಗುದ್ದಾಡುತ್ತಿದ್ದವಳನ್ನು ನೋಡಿ ಮೆಕ್ಯಾನಿಕ್ ದಂಗಾದ. ಅವನು ಊಟ ಮುಗಿಸಿ ಬರುವಷ್ಟು ತಾಳ್ಮೆಯೂ ಅವಳಿಗಿರಲಿಲ್ಲ.

ಅವಳು ಗುಡ್ಡದ ಮೇಲಿನ ಮನೆಗಳಿಂದ ಡೈರಿಗೆ ಹಾಲು ಸಾಗಿಸುವವಳು. ಅಪ್ಪನ ಕಾಲದ ಜೀಪು. ಆ ಕಲ್ಲುದಾರಿ ಹತ್ತುವ ಗಾಡಿ ಅದೊಂದೇ. ಊರಿಗೆ ಅವಳು ಹಾಲಕ್ಕ. ಸದಾ ತುಕ್ಕಿನ ಪುಡಿ ಮೆತ್ತಿಕೊಂಡಿರುವ ಇವನು ತುಕ್ಕಣ್ಣ. ಅವಳ ಬಾಯಿಗೆ ಮಾತ್ರ ಯಾಕೋ ಆ 'ಅಣ್ಣ' ಬರಲೇ ಇಲ್ಲ. ಮೇಸ್ತ್ರಿ ಎಂದಳು.

ಹಿಂದಿನ ಸ್ಪ್ರಿಂಗಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಅವನು ಬೆಂಕಿ ಕೊಟ್ಟ, ಎಣ್ಣೆ ಕುಡಿಸಿದ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಮತ್ತೆ ಬೆಂಕಿ, ಮತ್ತೆ ಎಣ್ಣೆ. ಕೊನೆಗೆ ಸ್ಪ್ಯಾನರಿಗೆ ಉದ್ದನೆಯ ಪೈಪು ತೂರಿಸಿ ಇಬ್ಬರೂ ಸೇರಿ ಎಳೆದರು. ಕಿರ್ರೆಂದು ಬೋಲ್ಟು ಬಿಟ್ಟಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಅವಳ ಬೆನ್ನು ಅವನ ಎದೆಗೆ ಒರಗಿತ್ತು.

"ಪೆಟ್ಟಾಯ್ತಾ?"

"ಇಲ್ಲ..."

ಆದರೂ ಅವಳು ತಕ್ಷಣ ಏಳಲಿಲ್ಲ. 'ಥೂ, ಏನಾಗಿದೆ ನಂಗೆ?'

ಸ್ಪ್ರಿಂಗು ಕಳಚಿ ಅವನು ಇಡೀ ಗಾಡಿಯ ಭಾರ ಹೊರುವ ಚಾಸಿಗೆ ಸುತ್ತಿಗೆಯಿಂದ ತಟ್ಟಿದ. ಕಬ್ಬಿಣದ ಸದ್ದೇ ಬರಲಿಲ್ಲ. ಇನ್ನೊಮ್ಮೆ ತಟ್ಟಿದಾಗ ಸುತ್ತಿಗೆ ಒಳಕ್ಕೇ ಹೋಯಿತು. ವರ್ಷಗಟ್ಟಲೆ ಕ್ಯಾನುಗಳಿಂದ ತುಳುಕಿದ ಹಾಲು, ತೊಳೆದ ನೀರು ಎಲ್ಲ ಅಲ್ಲೇ ಇಳಿದು ನಿಂತಿತ್ತು. ಹುಳಿ ವಾಸನೆಯ ಕಂದು ಚಕ್ಕೆಗಳು ಉದುರಿದವು.

ಅವನ ಮುಖ ಕಪ್ಪಿಟ್ಟಿತು. "ಇದು ಆಗಲ್ಲ."

"ಒಂದು ಕಬ್ಬಿಣದ ಪಟ್ಟಿ ಇಟ್ಟು ವೆಲ್ಡ್ ಮಾಡಿ."

"ನಾನು ಮಾಡಲ್ಲ."

"ಯಾಕೆ?"

ಅವನು ಹೊಸ ಬೋಲ್ಟು ಹಾಕಿ ಸ್ಪ್ರಿಂಗು ಕೂರಿಸುತ್ತ ಇಷ್ಟೇ ಹೇಳಿದ: "ಸ್ವಲ್ಪ ದಿನ ಟೈಮ್ ಕೊಡಿ. ಅಲ್ಲೀವರೆಗೂ ಇದರಲ್ಲಿ ಗುಡ್ಡ ಹತ್ತಬೇಡಿ."

ಎರಡು ದಿನದ ಮೇಲೆ ಮನೆಯಲ್ಲಿ ಅವಳ ಭಾವ ಕಾದಿದ್ದ. "ನಿನ್ನ ಜೀಪಿನ ಮಾಡೆಲ್ ಹೇಳ್ಕೊಂಡು ಗುಜರಿ ಅಂಗಡಿಯೆಲ್ಲ ಸುತ್ತುತಿದಾನಂತೆ ಆ ತುಕ್ಕಣ್ಣ. ನಿನ್ನ ಕೈಲಿ ಗಾಡಿ ಬಿಡಿಸಿ, ಬಿಚ್ಚಿ ಮಾರ್ಕೊಳೋ ಪ್ಲಾನು. ಹಾಲು ಮಾರಿ ಮಾರಿ ಬೆಳ್ಳಗಿರೋದೆಲ್ಲ ಹಾಲು ಅಂದ್ಕೊಂಡಿದೀಯ ನೀನು."

ಅವಳು ನೇರ ಗ್ಯಾರೇಜಿಗೆ ಹೋದಳು.

"ಗುಜರಿ ಅಂಗಡೀಲಿ ನನ್ನ ಗಾಡಿ ವಿಚಾರ ಮಾತಾಡಿದ್ರಾ?"

"ಹೂಂ, ಆದ್ರೆ..."

"ಸಾಕು. ನಿಮ್ಮನ್ನ ನಂಬಿದ್ದೆನಲ್ಲ, ನನಗೆ ಬುದ್ಧಿ ಇಲ್ಲ."

ಬೇರೆ ಗ್ಯಾರೇಜಿನವರು ದಪ್ಪ ಪಟ್ಟಿ ಇಟ್ಟು, ವೆಲ್ಡ್ ಮಾಡಿ, ಮೇಲೆ ಕಪ್ಪು ಬಣ್ಣ ಬಳಿದು ಕೊಟ್ಟರು. ಜೀಪು ಮತ್ತೆ ಗುಡ್ಡ ಹತ್ತತೊಡಗಿತು. ಅವಳು ಗೆದ್ದಿದ್ದಳು. ಗೆದ್ದ ಸಂತೋಷ ಮಾತ್ರ ಎಲ್ಲಿಯೂ ಇರಲಿಲ್ಲ.

ಒಂದು ಬೆಳಿಗ್ಗೆ, ಗುಡ್ಡದ ಬುಡದಲ್ಲಿ ಅವನು ದಾರಿಯ ನಡುವೆ ನಿಂತಿದ್ದ. ಅವಳು ಬ್ರೇಕ್ ಒತ್ತಿದಳು. ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿದವು.

"ಸರೀರಿ ಪಕ್ಕಕ್ಕೆ."

"ಒಂದ್ಸಲ ಇಳಿದು ಕೆಳಗೆ ನೋಡಿ. ಆಮೇಲೆ ಬೇಕಾದ್ರೆ ನನ್ನ ಮೇಲೇ ಹತ್ತಿಸ್ಕೊಂಡು ಹೋಗಿ."

ಇಬ್ಬರೂ ಧೂಳಿನಲ್ಲಿ ಅಂಗಾತ ಮಲಗಿ ನೋಡಿದರು. ಹೊಸ ಪಟ್ಟಿ ಗಟ್ಟಿಯಾಗಿಯೇ ಇತ್ತು. ಅದರ ಅಂಚಿಗೆ ಹೊಂದಿಕೊಂಡ ಹಳೆಯ ಕಬ್ಬಿಣ ಬಿರುಕು ಬಿಟ್ಟಿತ್ತು, ಉಗುರು ತೂರುವಷ್ಟು.

"ನಮ್ಮಣ್ಣನ ಗಾಡಿಗೂ ಹಿಂಗೇ ಪಟ್ಟಿ ಹಾಕಿದ್ದೆ," ಅವನು ಮೇಲೆ ನೋಡುತ್ತಲೇ ಹೇಳಿದ. "ನನ್ನ ವೆಲ್ಡಿಂಗು ಬಿಡಲಿಲ್ಲ. ಪಕ್ಕದ ಕಬ್ಬಿಣ ಹರೀತು. ಇಳಿಜಾರಲ್ಲಿ. ಅಣ್ಣ ಉಳೀಲಿಲ್ಲ."

ಅವಳು ಆ ಬಿರುಕಿನ ಮೇಲೆ ಬೆರಳಿಟ್ಟಳು. ಬೆರಳು ತೆಗೆಯದೆ ಕೇಳಿದಳು, "ಅವತ್ತೇ ಯಾಕೆ ಹೇಳಲಿಲ್ಲ?"

"ಅಣ್ಣನ್ನ ಕೊಂದೋನು ಅಂತ ನಾನು ಬಿಟ್ಟುಬಂದ ಊರು ನೋಡತ್ತೆ. ನೀವೂ ಹಂಗೆ ನೋಡೋದು... ನಂಗೆ ತಡ್ಕೊಳಕ್ಕೆ ಆಗ್ತಿರಲಿಲ್ಲ."

"ಮತ್ತೆ ಗುಜರಿ?"

"ನಿಮ್ಮ ಗಾಡಿಗೆ ಒಂದು ಒಳ್ಳೆ ಚಾಸಿ ಸಿಗತ್ತೇನೋ ಅಂತ ಅಲೆದೆ. ಸಿಕ್ಕಿದ್ದೆಲ್ಲ ಇದಕ್ಕಿಂತ ಕಡೆ."

ಅವಳು ಎದ್ದು ಕೀ ತೆಗೆದಳು. ಅಂದಿನಿಂದ ಗುಡ್ಡದ ಹಾಲು ಕೆಳಗಿಳಿಯಲಿಲ್ಲ.

ಡೈರಿಯವರು ಕೆಲವು ದಿನ ಕಾದರು, ನಂತರ ಗುಡ್ಡವನ್ನೇ ಬಿಟ್ಟರು. ಮೇಲಿನ ಮನೆಗಳವರು ಒಬ್ಬೊಬ್ಬರಾಗಿ ಹಸು ಮಾರಿದರು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಜೀಪನ್ನು ಅವನೇ ಬಿಚ್ಚಿದ. ಅವಳು ಪಕ್ಕದಲ್ಲಿ ನಿಂತು ಒಂದೊಂದೇ ಭಾಗ ಎತ್ತಿಟ್ಟಳು. ಚಾಸಿಯನ್ನು ಗುಜರಿ ಲಾರಿಗೆ ಏರಿಸುವಾಗ ಅದು ನಡುವೆ ಎರಡಾಯಿತು. ಅವಳ ಕೈ ತಾನಾಗಿ ಅವನ ತೋಳು ಹಿಡಿಯಿತು.

ಲಾರಿ ಹೋಯಿತು. ಗ್ಯಾರೇಜು ಖಾಲಿ. ಹಳೆಯ ಗಾಡಿಗಳೇ ಉಳಿಯದ ಊರಲ್ಲಿ ಅವನ ಹತ್ತಿರ ಬರುವವರೂ ಕಡಿಮೆಯಾಗಿದ್ದರು.

"ಅಪ್ಪ ಹೋದಾಗಲೂ ಇಷ್ಟು ಭಯ ಆಗಿರಲಿಲ್ಲ ಮೇಸ್ತ್ರಿ. ಬೆಳಿಗ್ಗೆ ಎದ್ದು ಇನ್ನೆಲ್ಲಿಗೆ ಹೋಗಲಿ ನಾನು?"

"ಇಲ್ಲಿಗೆ ಬಾ."

'ಬನ್ನಿ' ಅಲ್ಲ... 'ಬಾ'. ಅವಳ ಕಣ್ಣು ತುಂಬಿತು.

"ಇಲ್ಲೇನಿದೆ? ನಿನಗೇ ಕೆಲಸ ಇಲ್ಲ."

"ಕೆಲಸ ಇಲ್ಲ. ಮುಂದೆ ಬರತ್ತೆ ಅಂತಲೂ ಸುಳ್ಳು ಹೇಳಲ್ಲ." ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ನಾನಿರ್ತೀನಿ. ನೀನು ಬಂದ್ರೆ... ನಂಗೂ ಬೆಳಗಾದ ಹಾಗಾಗತ್ತೆ."

ಅವಳು ಹತ್ತಿರ ಬಂದು ಅವನ ಕೆನ್ನೆಯ ತುಕ್ಕನ್ನು ಅಂಗೈಯಿಂದ ಒರೆಸಿದಳು. ಅದು ಹೋಗಲಿಲ್ಲ, ಇನ್ನಷ್ಟು ಹರಡಿತು. ಅವಳು ಕೈ ತೆಗೆಯಲೂ ಇಲ್ಲ.

"ನಾಳೆ ಬರಲಾ?"

"ದಿನಾ ಬಾ."