ಹುದುಗು ಟ್ಯಾಂಕಿನ ಉಸಿರು

"ರೀ! ತಲೆ ಹೊರಗೆ ತೆಗೀರಿ!"

ಯಾರೋ ಹಿಂದಿನಿಂದ ರಟ್ಟೆ ಹಿಡಿದು ಎಳೆದರು. ಟ್ಯಾಂಕಿನ ಬಾಯಿಗೆ ಬಗ್ಗಿದ್ದವಳು ತತ್ತರಿಸಿ ಹಿಂದೆ ಬಿದ್ದಳು.

"ಹುದುಗುವಾಗ ಬರೋ ಕಾರ್ಬನ್ ಡೈಆಕ್ಸೈಡ್ ಗ್ಯಾಸು ಕಣ್ಣಿಗೆ ಕಾಣಲ್ಲ. ಎರಡು ಉಸಿರು ಎಳ್ಕೊಂಡ್ರೆ ಸಾಕು... ಮತ್ತೆ ಏಳಲ್ಲ ನೀವು!"

ಅವನು ಕಾರ್ಖಾನೆಯ ಶಿಫ್ಟ್ ಇಂಜಿನಿಯರ್. ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲಿ 'ಗುಂಡುಕಲ್ಲು'. ಅವಳು ಪ್ರಯೋಗಾಲಯದಿಂದ ಬಂದ ವಿಜ್ಞಾನಿ, 'ಯೀಸ್ಟ್ ಮೇಡಂ'.

ಪಿಷ್ಟದಿಂದ ಎಥನಾಲ್ ತೆಗೆಯಬೇಕಾದರೆ ಮೊದಲು ದುಬಾರಿ ಕಿಣ್ವ ಸುರಿದು ಪಿಷ್ಟವನ್ನು ಸಕ್ಕರೆ ಮಾಡಬೇಕಿತ್ತು. ಅವಳು ಯೀಸ್ಟಿನ ವಂಶವಾಹಿಯನ್ನೇ ತಿದ್ದಿ, ಆ ಕಿಣ್ವವನ್ನು ಅದೇ ತಯಾರಿಸಿಕೊಳ್ಳುವಂತೆ ಮಾಡಿದ್ದಳು. ಆ ಖರ್ಚೆಲ್ಲ ಉಳಿಯುತ್ತಿತ್ತು.

ಬೈಸಿಕೊಂಡ ಸಿಟ್ಟು ಹೆಚ್ಚು ದಿನ ಉಳಿಯಲಿಲ್ಲ. ಪ್ರಯೋಗಕ್ಕೆಂದು ಅವಳ ಯೀಸ್ಟು ಹಾಕಿದ್ದ ಸಣ್ಣ ಟ್ಯಾಂಕಿನ ಮಾದರಿ ಬಾಟಲಿಯನ್ನು ಅವನೇ ತಂದುಕೊಡತೊಡಗಿದ.

"ನಿಮ್ಮ ಯೀಸ್ಟ್ ಮಕ್ಕಳು ಇವತ್ತೂ ತಟ್ಟೆ ಖಾಲಿ ಮಾಡಿದಾರೆ, ಮೇಡಂ."

ಗುಂಡುಕಲ್ಲಿಗೂ ತಮಾಷೆ ಬರುತ್ತದೆಯೇ! ಅವಳು ಬಾಟಲಿಗಿಂತ ಅವನ ದಾರಿಯನ್ನೇ ಕಾಯತೊಡಗಿದಳು.

ಅಷ್ಟರಲ್ಲೇ ಮ್ಯಾನೇಜರ್ ಸಿಡಿಲೆರಗಿದಂಥ ಮಾತು ಹೇಳಿದರು. "ನಿಮ್ಮ ಯೀಸ್ಟನ್ನ ದೊಡ್ಡ ಟ್ಯಾಂಕಿಗೆ ಹಾಕ್ಬಾರ್ದು ಅಂತ ಇಂಜಿನಿಯರ್ ಹಟ ಹಿಡಿದಿದಾರೆ."

ಎದುರಿಗೆ ಸಿಹಿ, ಬೆನ್ನಿಗೆ ಚೂರಿ! ಅವಳು ನೇರ ಇಂಜಿನಿಯರ್ ಬಳಿ ಹೋದಳು.

"ನನ್ನ ಕೆಲಸ ಹಾಳು ಮಾಡೋಕೆ ನಿಂತಿದೀರಾ?"

"ಮೇಡಂ, ಪೂರ್ತಿ ಕೇಳಿ..."

"ಸಾಕು! ನಿಮ್ಮ ಹೊಟ್ಟೆಕಿಚ್ಚು ಅರ್ಥವಾಯ್ತು."

ಅವನ ಮುಖ ಬಿಳುಚಿಕೊಂಡಿತು. ಅವಳು ಮ್ಯಾನೇಜರನ್ನು ಒಪ್ಪಿಸಿದಳು. ಮರುದಿನ ಬೆಳಿಗ್ಗೆಯೇ ದೊಡ್ಡ ಟ್ಯಾಂಕು ತುಂಬಿತು.

ಅದರ ಮರುದಿನ ಮಧ್ಯಾಹ್ನ ಸೈರನ್ ಕೂಗಿತು.

ಅವಳ ಯೀಸ್ಟು ಸೋತಿರಲಿಲ್ಲ, ವಿಪರೀತ ಗೆದ್ದಿತ್ತು! ಉಕ್ಕಿದ ನೊರೆ ಗ್ಯಾಸು ಹೊರಹೋಗುವ ಪೈಪನ್ನೇ ಮುಚ್ಚಿಬಿಟ್ಟಿತ್ತು. ದಾರಿ ಸಿಗದ, ಗಾಳಿಗಿಂತ ಭಾರವಾದ ಗ್ಯಾಸು ಹೊರಚೆಲ್ಲಿ ಕೆಳಗಿನ ಪಂಪಿನ ಗುಂಡಿಯಲ್ಲಿ ತುಂಬಿಕೊಂಡಿತ್ತು. ಅಲ್ಲಿದ್ದ ಪಂಪಿನವನು ಕುಸಿದುಬಿದ್ದಿದ್ದ.

"ಯಾರು ಇಳಿದ್ರು?" ಓಡಿಬಂದ ಅವಳು ಕೇಳಿದಳು.

"ಗುಂಡುಕಲ್ಲು, ಮೇಡಂ! ಮಾಸ್ಕು, ಸಿಲಿಂಡರ್ ಹಾಕ್ಕೊಂಡು..."

ಗುಂಡಿಗೆ ಇಳಿಬಿಟ್ಟ ಹಗ್ಗಗಳು ಅಲುಗುತ್ತಿದ್ದವು, ನಿಲ್ಲುತ್ತಿದ್ದವು.

'ನಾನೇ ಸಾಕಿದ ಯೀಸ್ಟು... ಅವನ ಉಸಿರನ್ನೇ ನುಂಗಿಬಿಟ್ಟರೆ?'

ಒಂದು ಹಗ್ಗ ಎಳೆದಾಗ ಪಂಪಿನವನು ಮೇಲೆ ಬಂದ. ಎದೆ ಏರಿಳಿಯುತ್ತಿತ್ತು. ಆಗಲೇ ಗುಂಡಿಯೊಳಗಿಂದ ಸಣ್ಣ ಸೀಟಿ ಕೇಳಿಸಿತು. ಸಿಲಿಂಡರಿನ ಗಾಳಿ ಮುಗಿಯುತ್ತಿದೆ ಎಂಬ ಎಚ್ಚರಿಕೆ!

"ಎಳೀರಿ! ದಮ್ಮಯ್ಯ, ಎಳೀರಿ!"

ಅವಳೂ ಅವನ ಹಗ್ಗಕ್ಕೆ ಕೈ ಹಾಕಿದಳು. ಅಂಗೈ ಸುಲಿಯಿತು. ಸೀಟಿ ನಿಂತುಹೋಯಿತು... ಆಮೇಲೆ ಅವನ ಹೆಲ್ಮೆಟ್ ಕಾಣಿಸಿತು. ಕಣ್ಣು ಮುಚ್ಚಿತ್ತು.

ಆಸ್ಪತ್ರೆಯ ಬೆಂಚಿನಲ್ಲಿ ಅವನ ಅಮ್ಮ ಅವಳ ಪಕ್ಕ ಕೂತರು.

"ನೀನೇನಾ ಯೀಸ್ಟು? ಮನೇಲಿ ದಿನಾ ಅದೇ ಜಪ. ಯಾರೋ ಹುಡುಗಿ ಹೆಸರು ಅಂದ್ಕೊಂಡಿದ್ದೆ ಕಣಮ್ಮ."

ಅವಳಿಗೆ ನಗು ಬರಲಿಲ್ಲ, ಅಳು ಬಂತು.

"ಮೊನ್ನೆ ಊಟಾನೇ ಮಾಡ್ಲಿಲ್ಲ. ಯೀಸ್ಟು ಭಾರಿ ಚುರುಕು, ಗ್ಯಾಸ್ ಪೈಪು ಸಣ್ಣದು, ದೊಡ್ಡದು ಹಾಕೋವರೆಗೂ ಕಾಯ್ರಿ ಅಂದ್ರೆ ಯಾರೂ ಕೇಳ್ತಿಲ್ಲ ಅಂತಿದ್ದ."

ಅವನು ತಡೆಯಹೊರಟಿದ್ದು ಯೀಸ್ಟನ್ನಲ್ಲ, ಸಾವನ್ನು!

ಸಂಜೆ ಅವನಿಗೆ ಎಚ್ಚರವಾಯಿತು. ಅವಳು ಬಾಗಿಲಲ್ಲೇ ನಿಂತಳು.

"ಪಂಪಿನವನು?"

"ಎದ್ದು ಕೂತಿದಾನೆ. ಕ್ಷಮಿಸಿ... ಪೂರ್ತಿ ಕೇಳ್ಬೇಕಿತ್ತು ನಾನು."

"ಈಗ ಕೇಳ್ತೀರಾ?"

"ಹೇಳಿ."

"ನಿಮ್ಮ ಯೀಸ್ಟು ಕಂಡ್ರೆ ನಂಗೆ ಹೆಮ್ಮೆ. ನಿಮ್ಮನ್ನ ಕಂಡ್ರೆ..." ಉಸಿರು ಸಾಲದೆ ನಿಲ್ಲಿಸಿದ. "ನಿಮ್ಮನ್ನ ಕಂಡ್ರೆ ಪ್ರಾಣ."

ಅವಳು ಹತ್ತಿರ ಬಂದು ಸುಲಿದ ಅಂಗೈಯನ್ನು ಅವನ ಅಂಗೈಯೊಳಗಿಟ್ಟಳು.

"ನಂಗೂ... ಆದ್ರೆ ನಿಮ್ಮನ್ನ ಕಳ್ಕೊಳ್ಳೋ ಈ ಭಯ ಇನ್ನು ಹೋಗಲ್ಲ ಅನ್ಸತ್ತೆ."

"ಹೋಗೋದು ಬೇಡ ಬಿಡು. ದೊಡ್ಡ ಪೈಪು ಹಾಕ್ಸಿ, ಇಬ್ರೂ ಜೊತೇಲಿ ಹೆದರ್ಕೊಂಡೇ ಕೆಲಸ ಮಾಡೋಣ."